ಮಳೆಗಾಲದ ಮೀನುಗಾರಿಕೆ ನಿಷೇಧ ‘ಫೋರ್ಸ್ ಮಜೂರ್’ ಆಗ್ತದಾ?

ಮಲ್ಪೆ ಐಸ್‌ಪ್ಲಾಂಟ್: ವಿಷಯ ಎಂತ ಅಂದ್ರೆ ಮಾರಾಯ್ರೆ, ನಮ್ಮದು ಐಸ್ ಪ್ಲಾಂಟ್, ಹೊರಗಿನ ಒಂದು ಮೀನು ಎಕ್ಸ್‌ಪೋರ್ಟ್ ಕಂಪನಿ ಜೊತೆ ಮೂರು ವರ್ಷದ ಅಗ್ರಿಮೆಂಟ್ ಉಂಟು. ಪ್ರತಿ ತಿಂಗಳು ಕನಿಷ್ಠ 2,000 ಬ್ಲಾಕ್ ತಗೊಳ್ಬೇಕು, ಕಮ್ಮಿ ತಗೊಂಡ್ರೆ ಬಾಕಿ ಬ್ಲಾಕಿಂದೂ ದುಡ್ಡು ಕೊಡ್ಬೇಕು ಅಂತ ಬರ್ದಿದೆ. ಈಗ ಜೂನ್, ಜುಲೈ ಬಿಲ್ ಕಳಿಸಿದ್ರೆ ಬೋಟೇ ಕಡಲಿಗೆ ಇಳೀಲಿಲ್ಲ, ಕೈಮೀರಿದ ಘಟನೆಗಳ (ಫೋರ್ಸ್ ಮಜೂರ್) ಪಟ್ಟಿಯಲ್ಲಿ ‘ಸರ್ಕಾರದ ನಿರ್ಬಂಧ’ ಅಂತ ಉಂಟಲ್ಲ, ನಾವು ಕೊಡ್ಬೇಕಾಗಿಲ್ಲ ಅಂತಾರೆ. ನಂಗೆ ಕರೆಂಟಿನ ಫಿಕ್ಸೆಡ್ ಚಾರ್ಜ್ ಯಾರು ಬಿಡ್ತಾರೆ?

ಬಂದರ್ ವ್ಯಾಪಾರಿ: ಬರ್ದದ್ದು ಬರ್ದ ಹಾಗೆ ಶೆಟ್ರೆ. ನಿಷೇಧ ಹಾಕಿದ್ದು ಸರ್ಕಾರ ಅಲ್ದೆ ಮತ್ತೆ ನಿಮ್ಮ ಮಾವನಾ? ಬಿಲ್ ಮರೆತುಬಿಡಿ.

ಕುಂಜಿಬೆಟ್ಟು ವಕೀಲ: ಅಷ್ಟು ಸುಲಭ ಇಲ್ಲ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಬಂದ್ ಅಂತ ದಕ್ಕೆಯಲ್ಲಿ ಚಾ ಮಾರುವವನಿಗೂ ಗೊತ್ತುಂಟು, ಸೈನ್ ಹಾಕುವಾಗ ಕಂಪನಿಗೆ ಗೊತ್ತಿರ್ಲಿಲ್ವಾ? ಕೋರ್ಟ್ ಒಂದು ಪದ ಕಿತ್ತು ಓದುದಿಲ್ಲ, ಇಡೀ ಕರಾರು, ಅದು ಆದ ಸಂದರ್ಭ ಎಲ್ಲ ಇಟ್ಟು ಓದ್ತದೆ, ಫೋರ್ಸ್ ಮಜೂರ್ ಷರತ್ತನ್ನಂತೂ ಬಿಗಿಯಾಗಿಯೇ ಓದ್ತದೆ. 2017ರ ಎನರ್ಜಿ ವಾಚ್‌ಡಾಗ್ ಕೇಸ್ ನೋಡಿ. ಇಂಡೋನೇಷ್ಯಾ ಕಾನೂನು ಬದಲಾಗಿ ಕಲ್ಲಿದ್ದಲು ತುಟ್ಟಿ ಆಯ್ತು, ವಿದ್ಯುತ್ ಕಂಪನಿಯವ್ರು ಫೋರ್ಸ್ ಮಜೂರ್ ಅಂದ್ರು, ಸುಪ್ರೀಂ ಕೋರ್ಟ್ ಒಪ್ಲಿಲ್ಲ. ಕಲ್ಲಿದ್ದಲು ಅಲ್ಲಿಂದಲೇ, ಇಂಥದೇ ರೇಟಿಗೆ ತರ್ಬೇಕು ಅಂತ ಕರಾರಲ್ಲಿ ಎಲ್ಲಿದೆ ಅಂತ ಕೇಳ್ತು.

ಬಂದರ್ ವ್ಯಾಪಾರಿ: ಅದು ರೇಟ್ ಏರಿದ್ದು ವಕೀಲ್ರೆ. ಇಲ್ಲಿ ಬೋಟೇ ಹೋಗ್ಲಿಲ್ಲ. ಎಲ್ಲಿಂದೆಲ್ಲಿಗೆ?

ಕುಂಜಿಬೆಟ್ಟು ವಕೀಲ: ಬೋಟಿಗೆ ನಿಷೇಧ, ಐಸಿಗೆ ಇಲ್ಲ! ನಾಡದೋಣಿಯವ್ರು ಆವಾಗ್ಲೂ ಹೋಗ್ತಾರೆ. ಈ ಐಸು ಮಲ್ಪೆ ಬೋಟಿನ ಮೀನಿಗೆ ಮಾತ್ರ ಅಂತ ಅಗ್ರಿಮೆಂಟಲ್ಲಿ ಎಲ್ಲಾದ್ರೂ ಉಂಟಾ? ಇಲ್ಲ ಅಂದ್ರೆ ಎಲ್ಲಿ ಬಳಸ್ತಾರೆ ಅನ್ನುದು ಅವರ ತಲೆಬಿಸಿ.

ಬಿಜೈ ಸಿಎ: ಒಂದ್ನಿಮಿಷ. ಹೋದ ವರ್ಷ ಜೂನ್, ಜುಲೈಗೆ ಬಿಲ್ ಹಾಕಿದ್ರಾ?

ಮಲ್ಪೆ ಐಸ್‌ಪ್ಲಾಂಟ್: ಇಲ್ಲ. ಹೊಸ ಸಂಬಂಧ ಅಂತ ಬಿಟ್ಟೆ. ಮತ್ತೆ ಸೈನ್ ಆಗುವ ಮುಂಚೆ ಅವರ ಮ್ಯಾನೇಜರ್ ‘ಮಳೆಗಾಲದಲ್ಲಿ ನೋಡಿ ಅಡ್ಜಸ್ಟ್ ಮಾಡುವ’ ಅಂತ ವಾಟ್ಸಾಪ್ ಮಾಡಿದ್ದ, ನಾನು ಅದಕ್ಕೆ ಹೆಬ್ಬೆಟ್ಟು ಒತ್ತಿದ್ದೆ.

ಕಾಪು ಹುಡುಗ: ಹೋಯ್ತು ಕೇಸು.

ಕುಂಜಿಬೆಟ್ಟು ವಕೀಲ: ಇದನ್ನ ಮೊದ್ಲೇ ಹೇಳುದಲ್ವಾ ಶೆಟ್ರೆ... ವಾಟ್ಸಾಪಿಗೆ ಹೆದ್ರಬೇಡಿ. ಕರಾರು ಬರವಣಿಗೆಗೆ ಇಳಿದ ಮೇಲೆ ಅದನ್ನ ತಿದ್ಲಿಕ್ಕೆ ಹಿಂದಿನ ಮಾತುಕತೆ ತಂದ್ರೆ ಸಾಮಾನ್ಯವಾಗಿ ನಡೆಯುದಿಲ್ಲ, ಎವಿಡೆನ್ಸ್ ಆಕ್ಟಿನ ಸೆಕ್ಷನ್ 91, 92, ಈಗ 2024ರ ಜುಲೈಯಿಂದ ಸಾಕ್ಷ್ಯ ಅಧಿನಿಯಮದ 94, 95. ಕಷ್ಟ ಇರುದು ಹಾಕದೇ ಬಿಟ್ಟ ಬಿಲ್ಲಿಂದು. ಷರತ್ತಿಗೆ ಎರಡು ಅರ್ಥ ಬರುವ ಹಾಗಿದ್ರೆ, ಸೈನ್ ಆದ ಮೇಲೆ ಇಬ್ರೂ ಹೇಗೆ ನಡ್ಕೊಂಡ್ರು ಅಂತ ಕೋರ್ಟ್ ನೋಡ್ಬಹುದು, ಗೋಧ್ರಾ ಎಲೆಕ್ಟ್ರಿಸಿಟಿ ಕೇಸಲ್ಲಿ 1974ರಲ್ಲೇ ಹೇಳಿದ್ದಾರೆ. ಹಾಗಾಗಿ ನಮ್ಮ ವಾದ ‘ಷರತ್ತು ಸ್ಪಷ್ಟ ಉಂಟು, ಹೋದ ವರ್ಷ ಬಿಟ್ಟದ್ದು ಬರೀ ವಿನಾಯ್ತಿ’ ಅಂತಲೇ ಇರ್ಬೇಕು.

ಬಿಜೈ ಸಿಎ: ಗೆದ್ರೂ ಪೂರ್ತಿ ದುಡ್ಡು ಬರ್ತದಾ ಅಂತ ನಂಗೆ ಡೌಟು. ಕಾಂಟ್ರಾಕ್ಟ್ ಆಕ್ಟ್ 74ನೇ ಸೆಕ್ಷನ್, 2015ರ ಕೈಲಾಶ್‌ನಾಥ್ ತೀರ್ಪು, ನಷ್ಟ ಆಗದೇ ಇದ್ರೆ ಕರಾರಲ್ಲಿ ಬರ್ದ ಮೊತ್ತ ಸುಮ್ನೆ ಸಿಗುದಿಲ್ಲ. ಕಂಪ್ರೆಸರ್ ಬಂದ್ ಮಾಡಿ ಕರೆಂಟ್, ನೀರು, ಕೂಲಿ ಉಳಿಸಿ, ಮಾಡದ ಐಸಿಗೂ ಅದೇ ರೇಟ್ ಕೇಳಿದ್ರೆ?

ಕುಂಜಿಬೆಟ್ಟು ವಕೀಲ: ಅದು ದಂಡ ಆದ್ರೆ 74. ಪ್ಲಾಂಟಿನ ಇಷ್ಟು ಕೆಪಾಸಿಟಿ ನಿಮಗಾಗಿ ಇಟ್ಟದ್ದಕ್ಕೆ ಚಾರ್ಜ್ ಅಂತ ಇದ್ರೆ ಅದು ಬೆಲೆ, ನಷ್ಟಪರಿಹಾರ ಅಲ್ಲ ಅಂತ ವಾದ ಮಾಡ್ಬಹುದು. ‘ಬಾಕಿ ಬ್ಲಾಕಿನ ದುಡ್ಡು’ ಅಂತ ಬರ್ದದ್ದು ಸ್ವಲ್ಪ ಸಡಿಲ ಆಯ್ತು, ಒಪ್ತೇನೆ. ಕೋರ್ಟ್ ಎಲ್ಲಿ ಅಂತ ಬರ್ದಿದೆ?

ಮಲ್ಪೆ ಐಸ್‌ಪ್ಲಾಂಟ್: ಎರ್ನಾಕುಲಂ ಕೋರ್ಟಿನ ವ್ಯಾಪ್ತಿಗೆ ಒಳಪಟ್ಟಿದೆ ಅಂತ. ‘ಮಾತ್ರ’ ಅಂತ ಇಲ್ಲ.

ಕುಂಜಿಬೆಟ್ಟು ವಕೀಲ: ಇಲ್ದಿದ್ರೂ ಅಲ್ಲೇ. 2013ರ ಸ್ವಸ್ತಿಕ್ ಗ್ಯಾಸಸ್ ಕೇಸಲ್ಲಿ ಕೋಲ್ಕತ್ತಾ ಅಂತ ಬರ್ದಿತ್ತು, ‘ಮಾತ್ರ’ ಇರ್ಲಿಲ್ಲ, ಜೈಪುರದಲ್ಲಿ ಹಾಕಿದ ಅರ್ಜಿ ನಿಲ್ಲಲಿಲ್ಲ. ಅವರ ಆಫೀಸ್ ಅಲ್ಲಿದ್ರೆ ನಿಮ್ಗೂ ಅದೇ ಗತಿ. ಮೊತ್ತ 3 ಲಕ್ಷಕ್ಕೆ ಕಮ್ಮಿ ಇಲ್ದಿದ್ರೆ ಕಮರ್ಷಿಯಲ್ ಕೋರ್ಟು, ಅರ್ಜೆಂಟ್ ತಡೆಯಾಜ್ಞೆ ಬೇಡ ಅಂದ್ರೆ ದಾವೆಗೆ ಮೊದ್ಲು ಮೀಡಿಯೇಶನ್ ಕಡ್ಡಾಯ. ನಾನಾದ್ರೆ ಅಲ್ಲೇ ಮುಗಿಸ್ತಿದ್ದೆ.

ಕಾಪು ಹುಡುಗ: ಹಾಗಾದ್ರೆ ಎಂತ ಬರೀಬೇಕಿತ್ತು, ಅದು ಹೇಳಿ.

ಕುಂಜಿಬೆಟ್ಟು ವಕೀಲ: ‘ಜೂನ್, ಜುಲೈಗೆ ಕನಿಷ್ಠ ಇಷ್ಟೇ ಬ್ಲಾಕ್. ವಾರ್ಷಿಕ ಮೀನುಗಾರಿಕೆ ನಿಷೇಧ ಫೋರ್ಸ್ ಮಜೂರ್ ಅಲ್ಲ. ಒಂದು ಸಲ ಬಿಲ್ ಹಾಕದೆ ಬಿಟ್ಟದ್ದು ಹಕ್ಕು ಬಿಟ್ಟ ಹಾಗಲ್ಲ.’ ಮೂರು ಸಾಲು. ಕೋರ್ಟಿಗೆ ಮಲ್ಪೆ ಮಳೆಗಾಲ ನೀವೇ ಹೇಳಿಕೊಡ್ಬೇಕು.

ಬಂದರ್ ವ್ಯಾಪಾರಿ: ನಿಮ್ಮ ಮೂರು ಸಾಲು ಯಾರು ಸೇರಿಸ್ಲಿಕ್ಕೆ ಬಿಡ್ತಾರೆ? ದೊಡ್ಡ ಕಂಪನಿಯವ್ರು ಪಿಡಿಎಫ್ ಕಳಿಸ್ತಾರೆ, ನಾವು ಕೊನೇ ಪೇಜಲ್ಲಿ ಸೈನ್ ಹಾಕ್ತೇವೆ, ಅಷ್ಟೇ ವ್ಯಾಪಾರ. ಅದಕ್ಕೇ ಶೆಟ್ರೆ, ಸೀಸನ್ ಶುರುವಾಗುವಾಗ ಹಿಡೀರಿ. ಬೋಟೆಲ್ಲ ಒಟ್ಟಿಗೆ ಬಂದು ದಕ್ಕೆಯಲ್ಲಿ ಐಸಿಗೆ ಗಲಾಟೆ ಆಗುವಾಗ ತಿದ್ದುಪಡಿಗೆ ಸೈನ್ ಕೇಳಿ, ಕೊಡದೆ ಎಲ್ಲಿ ಹೋಗ್ತಾರೆ!

ಮಲ್ಪೆ ಐಸ್‌ಪ್ಲಾಂಟ್: ಅದು ಆಗ್ತದೆ. ಸ್ಟಾಂಪ್ ಪೇಪರಲ್ಲೇ ಬೇಕಾ ವಕೀಲ್ರೆ?

ಕುಂಜಿಬೆಟ್ಟು ವಕೀಲ: ಸ್ಟಾಂಪ್ ಡ್ಯೂಟಿ ಕಟ್ಟಿಯೇ ಮಾಡಿ, ಇಲ್ಲದಿದ್ರೆ ಸಾಕ್ಷಿಗೆ ಇಡುವಾಗ ದಂಡ ಕಟ್ಟಿ ಅಂತಾರೆ. ಹಳೇ ಅಗ್ರಿಮೆಂಟ್ ಕಾಪಿಯೂ ತನ್ನಿ, ಅದರದ್ದು ಕಟ್ಟಿದ್ದಾರಾ ನೋಡ್ಬೇಕು.