ಮನೆಯವರು ಯಾವ ಸುದ್ದಿಯನ್ನೂ ನಂಬುತ್ತಿಲ್ಲ, ನಿಮ್ಮಲ್ಲಿ ಹೇಗೆ ನಿಭಾಯಿಸಿದಿರಿ?

ಕೇಳುತ್ತಿರುವುದು:
ಅಮೆರಿಕದಲ್ಲಿ ಇರುವವರು ದಯವಿಟ್ಟು ನಿಮ್ಮ ಅನುಭವ ಹೇಳಿ. ನಾವು ಜಾರ್ಜಿಯಾದಲ್ಲಿದ್ದೇವೆ, ಬಂದು 22 ವರ್ಷ ಆಯಿತು. ನಮ್ಮ ಯಜಮಾನರು ಮೊದಲಿಂದಲೂ ರಿಪಬ್ಲಿಕನ್ ಕಡೆಯವರು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ನಾಲ್ಕೈದು ವರ್ಷದಿಂದ ಟಿವಿ, ಪೇಪರ್, ಸರ್ಕಾರದ ಹೇಳಿಕೆ ಯಾವುದನ್ನೂ ನಂಬುವುದಿಲ್ಲ, "ಎಲ್ಲ ಸೇರಿಕೊಂಡಿದ್ದಾರೆ" ಎನ್ನುತ್ತಾರೆ. ಕಾಲೇಜಿನಲ್ಲಿರುವ ಮಗಳು ಫೋನ್ ಮಾಡಿದರೆ ಹತ್ತೇ ನಿಮಿಷಕ್ಕೆ ಜಗಳ. ಹೋದ ಭಾನುವಾರ ಅವಳು "ಅಪ್ಪಾ, ನಿಮ್ಮ ಜೊತೆ ಮಾತಾಡೋಕೆ ಆಗಲ್ಲ" ಅಂತ ಫೋನ್ ಇಟ್ಟುಬಿಟ್ಟಳು. ಅವರು ಆ ರಾತ್ರಿ ಊಟ ಮಾಡಲಿಲ್ಲ. ಏನು ಮಾಡಲಿ?

ಟೆಕ್ಸಾಸ್‌ನಿಂದ:
ಅಕ್ಕಾ, ನಾನು ನಿಮ್ಮ ಯಜಮಾನರ ಕಡೆಯವನು, ಅದಕ್ಕೇ ಬರೆಯುತ್ತಿದ್ದೇನೆ. ಹಾಲು ಕುಡಿದು ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾನಲ್ಲ, ನಮ್ಮದೂ ಹಾಗೇ. ಸುಮ್ನೆ ಬಂದ ಅನುಮಾನ ಅಲ್ಲ ಇದು. 2003ರಲ್ಲಿ ಇರಾಕಿನಲ್ಲಿ ಭಯಂಕರ ಅಸ್ತ್ರಗಳಿವೆ ಅಂತ ಸರ್ಕಾರ ಹೇಳಿತು, ದೊಡ್ಡ ದೊಡ್ಡ ಪತ್ರಿಕೆಗಳೂ ಹಾಗೇ ಬರೆದವು. ಅಸ್ತ್ರ ಸಿಗಲಿಲ್ಲ. ಆಗ ಇದ್ದದ್ದು ನಮ್ಮ ಪಕ್ಷದ ಅಧ್ಯಕ್ಷರೇ, ನಾನು ಕಣ್ಣು ಮುಚ್ಚಿ ನಂಬಿದ್ದೆ. 2013ರಲ್ಲಿ ಟೀ ಪಾರ್ಟಿ (ಹೆಚ್ಚು ತೆರಿಗೆ, ಸರ್ಕಾರದ ಖರ್ಚು ವಿರೋಧಿಸುವ ನಮ್ಮ ಕಡೆಯ ಚಳವಳಿ) ಅಂತ ಹೆಸರಿದ್ದ ಸಂಘಗಳ ಅರ್ಜಿಗಳನ್ನು ಬೇರೆ ತೆಗೆದಿಟ್ಟು ಜಾಲಾಡಿದ್ದನ್ನು ತೆರಿಗೆ ಇಲಾಖೆಯೇ ಒಪ್ಪಿಕೊಂಡಿತು. 2020ರ ಅಕ್ಟೋಬರ್‌ನಲ್ಲಿ, ಚುನಾವಣೆಗೆ ನಿಂತಿದ್ದ ಜೋ ಬೈಡನ್ ಅವರ ಮಗ ಹಂಟರ್ ಬೈಡನ್‌ನ ಲ್ಯಾಪ್‌ಟಾಪ್ ಸುದ್ದಿಯನ್ನು ನ್ಯೂಯಾರ್ಕ್ ಪೋಸ್ಟ್ ಹಾಕಿದಾಗ ಟ್ವಿಟರ್ ಆ ಲಿಂಕನ್ನೇ ತಡೆಯಿತು, ಇದರಲ್ಲಿ ರಷ್ಯಾದ ಕೈವಾಡದ ಗುರುತುಗಳಿವೆ ಅಂತ ಗುಪ್ತಚರ ಸಂಸ್ಥೆಗಳ 51 ಮಾಜಿ ಅಧಿಕಾರಿಗಳು ಪತ್ರ ಬರೆದರು. ಅದೇ ಲ್ಯಾಪ್‌ಟಾಪ್ 2024ರಲ್ಲಿ ಫೆಡರಲ್ ಕೋರ್ಟಿನಲ್ಲಿ ಸಾಕ್ಷಿಯಾಗಿ ಬಂತು. ಇಷ್ಟೆಲ್ಲ ಕಂಡವನಿಗೆ "ದೊಡ್ಡವರು ಹೇಳಿದ್ದಾರೆ, ನಂಬಿ" ಅಂದರೆ ಸಿಟ್ಟು ಬರುತ್ತದೆ. ಬರದೇ ಇರುತ್ತದಾ?

ಆದರೆ ಒಂದು ಹಂತದಲ್ಲಿ ನನಗೇ ಸಾಕಾಯಿತು. ರಾತ್ರಿ ನಿದ್ದೆ ಇಲ್ಲ, ಫೋನ್ ಕೆಳಗಿಡುತ್ತಿರಲಿಲ್ಲ. ಆಮೇಲೆ ಒಂದು ಅಭ್ಯಾಸ ಮಾಡಿಕೊಂಡೆ: ಯಾರೋ ಹೇಳಿದ್ದನ್ನು ಬಿಟ್ಟು ಮೂಲ ಕಾಗದವನ್ನೇ ಓದುವುದು. 2016ರ ಚುನಾವಣೆಯಲ್ಲಿ ಟ್ರಂಪ್ ಪ್ರಚಾರ ತಂಡಕ್ಕೆ ರಷ್ಯಾ ಜೊತೆ ನಂಟಿತ್ತಾ ಅಂತ ಎಫ್‌ಬಿಐ ಮಾಡಿದ ತನಿಖೆಯನ್ನು ನ್ಯಾಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಹೊರೊವಿಟ್ಜ್ ಪರಿಶೀಲಿಸಿದ್ದರು, ವರದಿ 2019ರ ಡಿಸೆಂಬರ್‌ನಲ್ಲಿ ಬಂತು. 400ಕ್ಕೂ ಜಾಸ್ತಿ ಪುಟ. ನಾನು ಮೊದಲ ಸಾರಾಂಶ ಪ್ರಿಂಟ್ ತೆಗೆದು ಪೆನ್ಸಿಲ್ ಹಿಡಿದು ಕೂತೆ. ಆ ತಂಡದ ಸಲಹೆಗಾರನಾಗಿದ್ದ ಕಾರ್ಟರ್ ಪೇಜ್ ಮೇಲೆ ಕಣ್ಗಾವಲಿಗೆ ಕೋರ್ಟಿಗೆ ಕೊಟ್ಟ ಅರ್ಜಿಗಳಲ್ಲಿ 17 ದೊಡ್ಡ ತಪ್ಪುಗಳು ಮತ್ತು ಬಿಟ್ಟುಹೋದ ವಿಷಯಗಳು ಇದ್ದವು ಅಂತ ಅದರಲ್ಲೇ ಇದೆ. ತನಿಖೆ ಶುರು ಮಾಡಿದ್ದರ ಹಿಂದೆ ರಾಜಕೀಯ ದ್ವೇಷ ಇತ್ತು ಎನ್ನುವುದಕ್ಕೆ ದಾಖಲೆ ಸಿಗಲಿಲ್ಲ ಅಂತಲೂ ಅದರಲ್ಲೇ ಇದೆ. ನಾನು ನೋಡುತ್ತಿದ್ದ ಚಾನೆಲ್ ಮೊದಲನೆಯದನ್ನು ದಿನವಿಡೀ ಹೇಳಿತ್ತು. ನನ್ನ ಸಹೋದ್ಯೋಗಿ ನೋಡುವ ಚಾನೆಲ್ ಎರಡನೆಯದನ್ನು. ಆವತ್ತಿನಿಂದ ನನ್ನ ಅನುಮಾನ ಹೋಗಲಿಲ್ಲ, ಅದಕ್ಕೊಂದು ಕೆಲಸ ಸಿಕ್ಕಿತು. ನಿಮ್ಮ ಯಜಮಾನರಿಗೆ ಅನುಮಾನ ಬಿಡಿ ಅಂತ ಹೇಳಬೇಡಿ ಅಕ್ಕಾ, ಕಾಗದ ತೋರಿಸಿ ಅಂತ ಕೇಳಿ. ಜೊತೆಯಲ್ಲಿ ಕೂತು ಓದಿ.

ನ್ಯೂಜೆರ್ಸಿಯಿಂದ:
ನಮ್ಮ ಭಾವನವರು ಹೀಗೇ. ನಾನು ಮಾಡಿದ ತಪ್ಪು ಹೇಳುತ್ತೇನೆ. ಅವರು ಫ್ಯಾಮಿಲಿ ಗ್ರೂಪಿನಲ್ಲಿ ಏನು ಹಾಕಿದರೂ ಅದರ ಕೆಳಗೆ "ಇದು ಸುಳ್ಳು" ಅಂತ ಫ್ಯಾಕ್ಟ್‌ಚೆಕ್ ಲಿಂಕ್ ಹಾಕುತ್ತಿದ್ದೆ. ಎಲ್ಲರ ಎದುರಿಗೆ. ಆರು ತಿಂಗಳಲ್ಲಿ ಅವರು ಗ್ರೂಪ್ ಬಿಟ್ಟರು, ನಮ್ಮ ಮನೆಗೆ ಬರುವುದನ್ನೂ ಬಿಟ್ಟರು. ಈಗ ಏನಿದ್ದರೂ ಒಬ್ಬರೇ ಇದ್ದಾಗ ಕೇಳುತ್ತೇನೆ, ಅದೂ ಪ್ರಶ್ನೆಯಾಗಿ ಮಾತ್ರ. ಮಗಳಿಗೂ ಇಷ್ಟನ್ನು ಹೇಳಿ.

ಓಹಿಯೋದಿಂದ:
ಟೆಕ್ಸಾಸ್‌ನವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಇನ್ನೊಂದನ್ನು ಸೇರಿಸಲೇಬೇಕು. ಅನುಮಾನ ಪಡುವುದಾದರೆ ಒಂದೇ ತಕ್ಕಡಿ ಇರಬೇಕು. ನಮ್ಮ ಮನೆಯಲ್ಲಿ ಅಪ್ಪ ಸರ್ಕಾರವನ್ನು ನಂಬುತ್ತಿರಲಿಲ್ಲ, ಆದರೆ ಸರ್ಕಾರವನ್ನು ಬೈಯುವ ಟಿವಿ ಆಂಕರ್ ಹೇಳಿದ್ದನ್ನೆಲ್ಲ ನಂಬುತ್ತಿದ್ದರು. ಫಾಕ್ಸ್ ನ್ಯೂಸ್ 2023ರ ಏಪ್ರಿಲ್‌ನಲ್ಲಿ ಮತಯಂತ್ರದ ಕಂಪನಿ ಡೊಮಿನಿಯನ್‌ಗೆ 78.75 ಕೋಟಿ ಡಾಲರ್ ಕೊಟ್ಟು ಕೇಸ್ ಮುಗಿಸಿಕೊಂಡಿತು. ಅದಕ್ಕೂ ಮೊದಲೇ ಕೋರ್ಟ್ ದಾಖಲೆಗಳಲ್ಲಿ ಅಲ್ಲಿನ ಆಂಕರ್‌ಗಳ ಮೆಸೇಜ್‌ಗಳು ಹೊರಬಂದಿದ್ದವು, 2020ರ ಚುನಾವಣೆಯಲ್ಲಿ ಆ ಯಂತ್ರಗಳಿಂದ ಮೋಸ ಆಯಿತು ಅಂತ ಚಾನೆಲ್‌ನಲ್ಲಿ ಬಂದ ಆರೋಪಗಳನ್ನು ಅವರೇ ಒಳಗೊಳಗೆ ನಂಬಿರಲಿಲ್ಲ. ಆ ಮೆಸೇಜ್‌ಗಳನ್ನು ಓದಿದ ದಿನ ಅಪ್ಪ ತುಂಬಾ ನೊಂದರು. "ಇವರೂ ನನ್ನನ್ನು ದಡ್ಡ ಅಂದುಕೊಂಡಿದ್ದರು" ಅಂದರು. ನಾನು ಗೆದ್ದೆ ಅಂತ ನನಗೆ ಒಂದು ಚೂರೂ ಅನ್ನಿಸಲಿಲ್ಲ.

ಇನ್ನೊಂದು ಮಾತು, ನಿಮ್ಮ ಯಜಮಾನರು ವಿಚಿತ್ರದ ಮನುಷ್ಯ ಅಂತ ಮಗಳು ಅಂದುಕೊಳ್ಳುವುದು ಬೇಡ. 1964ರಲ್ಲಿ 100ಕ್ಕೆ 77 ಅಮೆರಿಕನ್ನರು ಸರ್ಕಾರ ಬಹುಪಾಲು ಸರಿಯಾದದ್ದನ್ನೇ ಮಾಡುತ್ತದೆ ಅಂತ ನಂಬಿದ್ದರು. ವಿಯೆಟ್ನಾಂ ಯುದ್ಧ, ಅಧ್ಯಕ್ಷ ನಿಕ್ಸನ್ ರಾಜೀನಾಮೆ ಕೊಡಬೇಕಾಗಿ ಬಂದ ವಾಟರ್‌ಗೇಟ್ ಹಗರಣ ಆದಮೇಲೆ ಅದು ಕುಸಿಯಿತು. ಗ್ಯಾಲಪ್‌ನ 2024ರ ಸಮೀಕ್ಷೆಯಲ್ಲಿ ಮಾಧ್ಯಮದ ಮೇಲೆ ನಂಬಿಕೆ ಇದೆ ಎಂದವರು 100ಕ್ಕೆ 31, ರಿಪಬ್ಲಿಕನ್ನರಲ್ಲಂತೂ 12.

ಜಾರ್ಜಿಯಾದಿಂದ:
ನೀವು ನಮ್ಮ ರಾಜ್ಯದವರೇ, ಅದಕ್ಕೆ ಇದು ನಿಮಗೆ ನೇರವಾಗಿ ಉಪಯೋಗ ಆಗಬಹುದು. 2020ರ ಅಧ್ಯಕ್ಷ ಚುನಾವಣೆಯಲ್ಲಿ ಟ್ರಂಪ್ ನಮ್ಮ ರಾಜ್ಯದಲ್ಲಿ ಸ್ವಲ್ಪದರಲ್ಲೇ ಸೋತು, ಮೋಸ ಆಗಿದೆ ಅಂದರು; ಆಮೇಲೆ ನನಗೆ ಚುನಾವಣೆ ಮೇಲೆ ನಂಬಿಕೆ ಇರಲಿಲ್ಲ. ಸುಮಾರು 50 ಲಕ್ಷ ಮತಪತ್ರಗಳನ್ನು ಕೈಯಲ್ಲೇ ಮತ್ತೆ ಎಣಿಸಿದರು, ಚುನಾವಣೆಯ ಹೊಣೆ ಹೊತ್ತಿದ್ದ ಸೆಕ್ರೆಟರಿ ಆಫ್ ಸ್ಟೇಟ್ ರಾಫೆನ್ಸ್‌ಪರ್ಗರ್ ರಿಪಬ್ಲಿಕನ್ನರೇ. ಆದರೂ ಮನಸ್ಸು ಒಪ್ಪಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರಲ್ವಾ, ನಾನು ಪ್ರತ್ಯಕ್ಷ ಕಂಡೇ ಇರಲಿಲ್ಲ. ಹಾಗಾಗಿ ಪೋಲ್ ವರ್ಕರ್ (ಮತಗಟ್ಟೆ ಸಿಬ್ಬಂದಿ) ಆಗಿ ಸೇರಿದೆ.

ಬೆಳಿಗ್ಗೆ 7ಕ್ಕೆ ಮತದಾನ ಶುರು, ನಾವು ಕತ್ತಲಿದ್ದಾಗಲೇ ಹೋದೆವು. ಮೊದಲು ಸೀಲ್ ನಂಬರ್‌ಗಳನ್ನು ಒಬ್ಬರು ಓದಿದರು, ಇನ್ನೊಬ್ಬರು ಹಾಳೆಯಲ್ಲಿ ಟಿಕ್ ಹಾಕಿದರು. ಆಮೇಲೆ ಸ್ಕ್ಯಾನರ್‌ನಿಂದ ಉದ್ದನೆಯ ರಸೀದಿ ಥರದ ಕಾಗದ ಹೊರಗೆ ಬಂತು, ಪ್ರತಿ ಹೆಸರಿನ ಮುಂದೆ ಸೊನ್ನೆ. ಅದಕ್ಕೆ ಸಹಿ ಹಾಕಿದರು. ಸಂಜೆ 7ಕ್ಕೆ ಬಾಗಿಲು ಹಾಕಿದ ಮೇಲೆ ಲೆಕ್ಕ: ಎಷ್ಟು ಜನ ಬಂದರು, ಸ್ಕ್ಯಾನರ್ ಎಷ್ಟು ಮತಪತ್ರ ತೆಗೆದುಕೊಂಡಿತು. ನಮ್ಮದು ಒಂದು ಕಡಿಮೆ ಬಂತು. ಯಾರೂ ಎದ್ದು ಹೋಗಲಿಲ್ಲ. ಮುಕ್ಕಾಲು ಗಂಟೆ ಹುಡುಕಿದೆವು. ಸರದಿಯಲ್ಲಿ ನಿಂತು ಹೆಸರು ಬರೆಸಿದ ಮೇಲೆ ಮತ ಹಾಕದೆ ಹೊರಟುಹೋದ ಒಬ್ಬ ಅಜ್ಜನ ಬಗ್ಗೆ ಚೀಟಿಯಲ್ಲಿ ಬರೆದಿಟ್ಟದ್ದು ಸಿಕ್ಕಿತು. ಒಂದೇ ಒಂದು ಮತಕ್ಕೆ ಅಷ್ಟು ಹುಡುಕಾಡಿದ್ದನ್ನು ನಾನು ಕಣ್ಣಾರೆ ಕಂಡೆ. ವಾಷಿಂಗ್ಟನ್ನಿನವರ ಮೇಲೆ ನನಗೆ ಈಗಲೂ ನಂಬಿಕೆ ಕಡಿಮೆಯೇ. ಆ ರಾತ್ರಿ ನನ್ನ ಪಕ್ಕ ಕೂತಿದ್ದವರ ಮೇಲೆ ಇದೆ.

ಕೇಳಿದವರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಯಜಮಾನರಿಗೆ ಕೊನೆಯ ಉತ್ತರ ಓದಿ ಹೇಳಿದೆ. "ಆ ಅಜ್ಜನ ಚೀಟಿ ಬರೆದದ್ದು ಯಾರು, ಅದನ್ನು ಯಾರು ಬೇಕಾದರೂ ಬರೆಯಬಹುದಾ?" ಅಂತ ಕೇಳುತ್ತಿದ್ದಾರೆ. ಸೇರಿಕೊಳ್ಳಲು ಎಲ್ಲಿ ಕೇಳಬೇಕು?

ಜಾರ್ಜಿಯಾದಿಂದ:
ಒಳ್ಳೆಯ ಪ್ರಶ್ನೆ, ಬರೆದದ್ದು ನಮ್ಮ ಮ್ಯಾನೇಜರ್, ಪಕ್ಕದಲ್ಲಿ ಇನ್ನೊಬ್ಬರ ಸಹಿಯೂ ಇತ್ತು. ನಿಮ್ಮ ಕೌಂಟಿಯ ಚುನಾವಣಾ ಕಚೇರಿಗೆ ಅರ್ಜಿ ಹಾಕಬೇಕು. ಸಿಟಿಜನ್ ಆಗಿರಬೇಕು, ತರಬೇತಿ ಅವರೇ ಕೊಡುತ್ತಾರೆ. ಮಗಳಿಗೂ ಹೇಳಿ, 16 ತುಂಬಿದವರನ್ನೂ ತೆಗೆದುಕೊಳ್ಳುತ್ತಾರೆ.