ಹಳೇ ಕಾಫಿ ಕ್ಯೂರಿಂಗ್ ಶೆಡ್ ಒಡೆಸ್ತಿದ್ದೀವಿ, ಗುಜರಿಗೆ ಒಟ್ಟು ರೇಟಲ್ಲಿ ಕೊಡ್ಬಹುದಾ?

ಪ್ರಶ್ನೆ: ಕುಶಾಲನಗರದ ಹತ್ರ ತಾತನ ಕಾಲದ ಕ್ಯೂರಿಂಗ್ ಶೆಡ್ (ಒಣಗಿದ ಕಾಫಿ ಸಿಪ್ಪೆ ತೆಗೆದು ಬೀಜ ವಿಂಗಡಿಸೋ ಜಾಗ) ಇದೆ, ನಿಂತು ತುಂಬಾ ವರ್ಷ ಆಯ್ತು. ಗುಜರಿಯವ್ರೊಬ್ರು ಒಂದು ರೌಂಡ್ ನೋಡಿ, ಒಡೆಯೋ ಖರ್ಚು ನಮ್ದು, ಕಬ್ಬಿಣ ಎಲ್ಲಾ ನಮ್ಗೆ, ಮೇಲೆ ಎರಡು ಲಕ್ಷ ಕೊಡ್ತೀವಿ ಅಂದ್ರು. ಐ ಬೀಮ್, ತಗಡು, ಸಿಪ್ಪೆ ತೆಗೆಯೋ ಹಲ್ಲರ್, ಬೀಜ ವಿಂಗಡಿಸೋ ಗ್ರೇಡರ್, ಮೋಟಾರ್ ಎಲ್ಲಾ ಒಳಗೇ ಇದೆ. ಒಪ್ಕೊಳ್ಳೋದಾ?

ಉತ್ತರ (ಡೆಮಾಲಿಷನ್ ಕಂಟ್ರಾಕ್ಟರ್): ಈಗ್ಲೇ ಬೇಡ ಸರ್. ಮೊದ್ಲು ಟೇಪ್ ಹಿಡ್ಕೊಂಡು ನೀವೇ ಅಳತೆ ಮಾಡಿ. 8 ಇಂಚಿನ ಐ ಬೀಮ್ ಮೀಟರ್‌ಗೆ ಹೆಚ್ಚುಕಮ್ಮಿ 25 ಕೆಜಿ, 6 ಮೀಟರ್‌ದು 40 ಇದ್ರೆ ಅದೊಂದೇ 6 ಟನ್ ಆಯ್ತಲ್ಲ. ತಗಡಿಗೆ 1 ಮಿ.ಮೀ. ದಪ್ಪ ಇದ್ರೆ ಚದರ ಮೀಟರ್‌ಗೆ 7.85 ಕೆಜಿ, ತುಕ್ಕು ತಿಂದಿದ್ರೆ ಇನ್ನೂ ಕಮ್ಮಿ ಹಿಡೀರಿ. ಆಮೇಲೆ ಬೀಮ್‌ನ ಗ್ಯಾಸ್ ಕಟರಲ್ಲಿ ತುಂಡು ಮಾಡೋಕೆ ಬಿಡ್ಬೇಡಿ, ಬೋಲ್ಟ್ ಬಿಚ್ಚಿ, ರಿವೆಟ್ ಇದ್ರೆ ಅದರ ತಲೆ ಮಾತ್ರ ಹಾರಿಸಿ ಇಡಿಯಾಗಿ ಇಳಿಸಿದ್ರೆ ಶೆಡ್ ಕಟ್ಟೋರೇ ತಗೋತಾರೆ, ತುಂಡಾದ್ರೆ ಕರಗಿಸೋ ಮಾಲಿನ ರೇಟೇ ಗತಿ. ತಾಮ್ರ, ಹಿತ್ತಾಳೆ, ಗನ್‌ಮೆಟಲ್ (ತಾಮ್ರದ ಮಿಶ್ರಲೋಹ) ಬುಷ್ ಎಲ್ಲಾ ಬೇರೆ ಬೇರೆ ಗೋಣಿಗೆ ಹಾಕಿಸಿ, ಕಬ್ಬಿಣದ ಜೊತೆ ಲೋಡ್ ಆದ್ರೆ ಅದೂ ಕಬ್ಬಿಣದ ರೇಟಿಗೇ ಹೋಗುತ್ತೆ. ವೈರ್ ಸುಟ್ಟು ತಾಮ್ರ ತೆಗೆಯೋದು ಮಾತ್ರ ಬೇಡ, ಹೊಗೆ ವಿಷ, ಸುಟ್ಟ ತಾಮ್ರಕ್ಕೆ ರೇಟೂ ಕಮ್ಮಿ.

ವೇಬ್ರಿಡ್ಜಲ್ಲಿ ನೀವೇ ನಿಂತ್ಕೊಳ್ಳಿ. ಖಾಲಿ ಲಾರಿ ತೂಗುವಾಗ ನೀರಿನ ಡ್ರಮ್ಮು, ಮೂರು ಜನ ಲೇಬರ್ ಹತ್ತಿರ್ತಾರೆ, ಲೋಡ್ ತೂಗೋ ಹೊತ್ತಿಗೆ ಡ್ರಮ್ಮೂ ಇಲ್ಲ ಜನಾನೂ ಇಲ್ಲ! ಅಷ್ಟೂ ನಿಮ್ಮ ಮಾಲಿಂದ ಕಡಿತ.

ಪ್ರಶ್ನೆ: ಜಿಎಸ್‌ಟಿ ಅಂತ ಇನ್ನಷ್ಟು ಕಡಿತ ಮಾಡ್ತೀವಿ ಅಂತಾರೆ, ನಮ್ಗೆ ರಿಜಿಸ್ಟ್ರೇಷನ್ ಇಲ್ಲ. ಮೇಲ್ಗಡೆ ಅರ್ಧ ಆಸ್ಬೆಸ್ಟಾಸ್ ಶೀಟು ಬೇರೆ.

ಉತ್ತರ: 2024 ಅಕ್ಟೋಬರ್ 10ರಿಂದ ರಿಜಿಸ್ಟ್ರೇಷನ್ ಇಲ್ಲದೋರ ಹತ್ರ ರಿಜಿಸ್ಟರ್ಡ್ ಡೀಲರ್ ಲೋಹದ ಗುಜರಿ ಕೊಂಡ್ರೆ ರಿವರ್ಸ್ ಚಾರ್ಜಲ್ಲಿ ಟ್ಯಾಕ್ಸ್ ಕಟ್ಟೋದು ಡೀಲರೇ, ನಿಮ್ಮ ದುಡ್ಡಲ್ಲಿ ಹಿಡ್ಕೊಳ್ಳೋಕೆ ಕಾರಣ ಇಲ್ಲ. ಆಸ್ಬೆಸ್ಟಾಸ್‌ಗೆ ಮೂರು ಕಾಸೂ ಸಿಗಲ್ಲ, ಅದ್ರ ವಿಲೇವಾರಿ ಖರ್ಚು ನಿಮ್ಮ ಲೆಕ್ಕದಲ್ಲೇ ಇರ್ಲಿ. ನೀರು ಚಿಮ್ಮಿಸಿ ಒಡೀದೆ ಬಿಚ್ಚಿಸಿ, ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ಇನ್ನೊಬ್ರು: ನಮ್ಮ ತೋಟದ ಪಲ್ಪ್ ಹೌಸಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಹಳೇ ಡ್ರಮ್ ಪಲ್ಪರ್ ಇದೆ, ಅದೂ ಗುಜರಿಗೇನಾ?

ಉತ್ತರ: ಡ್ರಮ್ ಮೇಲೆ ಗುಬುಟು ಗುಬುಟಾಗಿರೋ ತಗಡನ್ನ ಚಾಕು ತುದಿಯಿಂದ ಗೀರಿ, ಕೆಂಪಗೆ ಕಂಡ್ರೆ ತಾಮ್ರ. ಆದ್ರೆ ತಿರುಗೋ ಮಷೀನಾದ್ರೆ ಮಷೀನಾಗೇ ಮಾರಿ, ಸಣ್ಣ ಬೆಳೆಗಾರರು ಕೇಳ್ತಾರೆ. ಮೊದ್ಲು ಕೇಳಿದ ಸರ್‌ಗೆ ಇನ್ನೊಂದು, ರೂಫ್ ಕೆಲ್ಸ ಮೇ ಒಳಗೆ ಮುಗಿಸಿ. ಜೂನ್ ಮಳೆ ಹಿಡ್ಕೊಂಡ್ರೆ ತಗಡು ಜಾರುತ್ತೆ, ಮಳೆಗಂತ ರಸ್ತೇಲಿ ಭಾರಿ ವಾಹನ ನಿಷೇಧ ಬಂದ್ರೆ ಇಳಿಸಿದ ಮಾಲೂ ಅಂಗಳದಲ್ಲೇ ತುಕ್ಕು ಹಿಡೀತದೆ.