ಆಟೋಪೈಲಟ್ ಇರುವಾಗ ಪೈಲಟ್ ಕೈ ಎಷ್ಟು ಪಳಗಿರಬೇಕು?

ಅಂಧೇರಿ ಸಹಪೈಲಟ್:
ಮುಂಬಯಿಯಿಂದ ಏರ್‌ಬಸ್ ಎ320 ವಿಮಾನ ಹಾರಿಸುತ್ತೇನೆ. ನೆಲ ಬಿಟ್ಟ ಸ್ವಲ್ಪ ಹೊತ್ತಿಗೇ ಆಟೋಪೈಲಟ್ ಹಾಕುತ್ತೇವೆ, ಇಳಿಯುವಾಗ ರನ್‌ವೇ ಕಂಡ ಮೇಲೆ ತೆಗೆಯುತ್ತೇವೆ. ಕೈಯಾರೆ ಹಾರಿಸುವುದು ಕೆಲವೇ ನಿಮಿಷ. ಆರು ತಿಂಗಳಿಗೊಮ್ಮೆ ಸಿಮ್ಯುಲೇಟರ್ ಪರೀಕ್ಷೆ ಇದೆ, ಆದರೆ ಅದರ ಬಹುಪಾಲು ಎಂಜಿನ್ ಕೈಕೊಟ್ಟಾಗ ಏನು ಮಾಡಬೇಕೆಂಬಂಥ ನಿಗದಿತ ಪಾಠಗಳಿಗೇ ಹೋಗುತ್ತದೆ. ಇದು ಸಾಲದು, ದಿನನಿತ್ಯದ ಹಾರಾಟದಲ್ಲೂ ಆಗಾಗ ಕೈಯಾರೆ ಹಾರಿಸಬೇಕು ಎಂದೇ ನನ್ನ ಅಭಿಪ್ರಾಯ. ನೀವೇನು ಹೇಳುತ್ತೀರಿ?

ಡೊಂಬಿವಲಿ ಪ್ರಯಾಣಿಕ:
ಸಾಲದಿದ್ದರೆ ಸಿಮ್ಯುಲೇಟರ್ ಅವಧಿ ಹೆಚ್ಚಿಸಲಿ. ನಮ್ಮನ್ನೆಲ್ಲ ಹಿಂದೆ ಕೂರಿಸಿಕೊಂಡು ಕೈ ಪಳಗಿಸಿಕೊಳ್ಳುವುದು ಯಾವ ನ್ಯಾಯ? ನನ್ನ ತಾಯಿ ಆಗಾಗ ಮಂಗಳೂರಿಗೆ ವಿಮಾನದಲ್ಲೇ ಹೋಗುತ್ತಾರೆ. ದೆಹಲಿಯ ದಟ್ಟ ಮಂಜಿನಲ್ಲಿ ವಿಮಾನ ಇಳಿಸುವುದು ಯಂತ್ರವೇ ಅಲ್ಲವೇ?

ವಾಸ್ಕೋ ನಿವೃತ್ತ ಪೈಲಟ್:
ಮಂಜಿನಲ್ಲಿ ಯಂತ್ರವೇ ಮೇಲು, ಒಪ್ಪಿದೆ. ಆದರೆ ದಟ್ಟ ಮಂಜು ಕವಿದಾಗ ಗಾಳಿ ಸಾಮಾನ್ಯವಾಗಿ ಶಾಂತವಾಗಿರುತ್ತದೆ. ನಮ್ಮ ಕರಾವಳಿಯ ಮಳೆಗಾಲ ಹಾಗಲ್ಲ. ಎ320 ತಾನಾಗಿಯೇ ಇಳಿಯಲು ಅಡ್ಡಗಾಳಿಯ (ಪಕ್ಕದಿಂದ ಬೀಸುವ ಗಾಳಿಯ) ಮಿತಿ 20 ನಾಟ್, ಅಂದರೆ ಗಂಟೆಗೆ ಸುಮಾರು 37 ಕಿ.ಮೀ.; ಪೈಲಟ್ ಇಳಿಸುವಾಗ 38 ನಾಟ್, ಸುಮಾರು 70 ಕಿ.ಮೀ. ಆ ಅಂತರದಲ್ಲಿ ನಿಮ್ಮ ತಾಯಿಯವರನ್ನು ಇಳಿಸುವುದು ಮನುಷ್ಯನ ಕೈಯೇ.

ರಿಯೋದಿಂದ ಪ್ಯಾರಿಸ್‌ಗೆ ಹೊರಟಿದ್ದ ಏರ್ ಫ್ರಾನ್ಸ್ 447 ವಿಮಾನದ ವೇಗ ಅಳೆಯುವ ಕೊಳವೆಗಳಲ್ಲಿ 2009ರ ಜೂನ್ 1ರಂದು ಹಿಮ ಕಟ್ಟಿ ಆಟೋಪೈಲಟ್ ಕಳಚಿಕೊಂಡಿತು. ಎಂಜಿನ್‌ಗಳು ಸರಿಯಾಗಿಯೇ ಇದ್ದವು. ಮೂತಿ ಮತ್ತು ಎಂಜಿನ್ ಶಕ್ತಿಯನ್ನು ಹದವಾಗಿ ಹಿಡಿದಿಟ್ಟಿದ್ದರೆ ಸಾಕಿತ್ತು. ಸಹಪೈಲಟ್ ಸೈಡ್‌ಸ್ಟಿಕ್ (ವಿಮಾನ ನಿಯಂತ್ರಿಸುವ ಹಿಡಿ) ಹಿಂದಕ್ಕೆಳೆದರು, ಮೂತಿ ಮೇಲೆದ್ದು ವಿಮಾನ ಸ್ಟಾಲ್ ಆಯಿತು, ಅಂದರೆ ರೆಕ್ಕೆಗಳು ಅದನ್ನು ಎತ್ತಿಹಿಡಿಯಲಾರದೆ ಹೋದವು. 228 ಜನ ಸತ್ತರು.

ಪುಣೆ ಎಂಜಿನಿಯರ್:
ಸರ್, ಆ ಉದಾಹರಣೆ ಪ್ರಯಾಣಿಕರ ವಾದಕ್ಕೇ ಬಲ ಕೊಡುತ್ತದೆ. ಆ ವಿಮಾನ ಹಾರುತ್ತಿದ್ದ ಎತ್ತರದಲ್ಲಿ, ಅಂದರೆ 29,000 ಅಡಿಯ ಮೇಲೆ, ಒಂದರ ಮೇಲೊಂದು ಹಾರುವ ವಿಮಾನಗಳ ನಡುವೆ ಬರೀ ಸಾವಿರ ಅಡಿ ಅಂತರವಿರುವ ಕಾರಣ ಅಲ್ಲಿ ಆಟೋಪೈಲಟ್ ಬೇಕೇ ಬೇಕು. ಆ ಎತ್ತರದ ಅಭ್ಯಾಸ ಸಿಮ್ಯುಲೇಟರ್‌ನಲ್ಲೇ ಆಗಬೇಕು. ನಿಮ್ಮ ವಾದಕ್ಕೆ ಹೊಂದುವುದು 2013ರ ಜುಲೈ 6ರ ಸ್ಯಾನ್ ಫ್ರಾನ್ಸಿಸ್ಕೋ ಅಪಘಾತ. ಆಕಾಶ ಶುಭ್ರ, ರನ್‌ವೇಯ ಗ್ಲೈಡ್‌ಸ್ಲೋಪ್ (ಇಳಿಯುವ ಇಳಿಜಾರನ್ನು ತೋರಿಸುವ ರೇಡಿಯೋ ಸಂಕೇತ) ಮಾತ್ರ ಬಂದ್. ದಕ್ಷಿಣ ಕೊರಿಯಾದ ಏಷಿಯಾನಾ ಸಂಸ್ಥೆಯ ಬೋಯಿಂಗ್ 777ರ ಪೈಲಟ್‌ಗಳು ವೇಗವನ್ನು ಆಟೋಥ್ರಾಟಲ್ (ಎಂಜಿನ್ ಶಕ್ತಿಯನ್ನು ತಾನೇ ಹೊಂದಿಸುವ ವ್ಯವಸ್ಥೆ) ನೋಡಿಕೊಳ್ಳುತ್ತದೆಂದು ನಂಬಿದ್ದರು. ಅದು ನೋಡಿಕೊಳ್ಳುತ್ತಿರಲಿಲ್ಲ. ವಿಮಾನ ಸಮುದ್ರ ತಡೆಗೋಡೆಗೆ ಬಡಿಯಿತು, ಮೂವರು ಸತ್ತರು. ಕಣ್ಣಳತೆಯಲ್ಲಿ ಇಳಿಸುವ ರೂಢಿ ದಿನನಿತ್ಯದ ಹಾರಾಟದಲ್ಲೇ ಬರಬೇಕು.

ಅಂಧೇರಿ ಸಹಪೈಲಟ್:
ತಿದ್ದುಪಡಿ ಸರಿಯಾಗಿದೆ. ಮುಂಬಯಿಯ ಸಂಜೆ ದಟ್ಟಣೆಯಲ್ಲಿ ನಾನೂ ಆಟೋಪೈಲಟ್ ತೆಗೆಯುವುದಿಲ್ಲ. ಒಬ್ಬರು ಕೈಯಿಂದ ಹಾರಿಸಿದರೆ ರೇಡಿಯೋ, ಫ್ಲ್ಯಾಪ್ (ರೆಕ್ಕೆಯ ಹಿಂಬದಿಯ ಚಲಿಸುವ ಹಲಗೆಗಳು), ಪರಿಶೀಲನೆ ಎಲ್ಲದರ ಹೊರೆ ಇನ್ನೊಬ್ಬರ ಮೇಲೆ ಬೀಳುತ್ತದೆ. ಗೋವಾದ ಮೋಪಾದಲ್ಲಿ, ಚಳಿಗಾಲದ ತಿಳಿ ಬೆಳಗಿನಲ್ಲಿ, ಹತ್ತು ಸಾವಿರ ಅಡಿಯಿಂದ ಕೈಯಾರೆ ಇಳಿಸಲು ಏನು ಅಡ್ಡಿ? ಅಮೆರಿಕದ ನಿಯಂತ್ರಕರಾದ ಎಫ್‌ಎಎ 2013ರ ಜನವರಿಯಲ್ಲೇ, ಕೆಲಸದ ಒತ್ತಡ ಕಡಿಮೆ ಇರುವಾಗ ಹೀಗೆ ಹಾರಿಸಲು ಪೈಲಟ್‌ಗಳನ್ನು ಪ್ರೋತ್ಸಾಹಿಸಿ ಎಂದು ವಿಮಾನ ಸಂಸ್ಥೆಗಳಿಗೆ ತಿಳಿಸಿತ್ತು.

ನಮ್ಮನ್ನು ಕಟ್ಟಿಹಾಕಿರುವುದು ಭಯ. ಪ್ರತಿ ಹಾರಾಟದ ದತ್ತಾಂಶವೂ ಕಚೇರಿಗೆ ಹೋಗುತ್ತದೆ. ವೇಗ ಒಂದಿಷ್ಟು ಮಿತಿ ದಾಟಿದರೆ ವಿವರಣೆ ಕೊಡಬೇಕು. ಹಾಗಿರುವಾಗ ಯಾವ ಕ್ಯಾಪ್ಟನ್ ಒಪ್ಪುತ್ತಾರೆ? ಆ ದತ್ತಾಂಶ ಕಲಿಸುವುದಕ್ಕೆ ಬಳಕೆಯಾಗಬೇಕು, ಹೆದರಿಸುವುದಕ್ಕಲ್ಲ.

ಡೊಂಬಿವಲಿ ಪ್ರಯಾಣಿಕ:
ತಿಳಿ ಬೆಳಗು ಎಂದರೆ ನನ್ನ ತಕರಾರಿಲ್ಲ. ಮಳೆ ಬಂದರೆ?

ವಾಸ್ಕೋ ನಿವೃತ್ತ ಪೈಲಟ್:
ಕೆಳಗಿಳಿಯಲು ಆರಂಭಿಸುವ ಮೊದಲೇ ಇಬ್ಬರೂ ಮಾತಾಡಿಕೊಂಡಿರುತ್ತಾರೆ. ಮೋಡ ಕವಿದರೆ, ದಟ್ಟಣೆ ಹೆಚ್ಚಿದರೆ, ಇಬ್ಬರಲ್ಲಿ ಒಬ್ಬರಿಗೆ ಅನುಮಾನ ಬಂದರೂ ಆಟೋಪೈಲಟ್ ಮತ್ತೆ ಹಾಕುತ್ತಾರೆ. ಅದಕ್ಕೆ ಒಂದು ಗುಂಡಿ ಒತ್ತಿದರೆ ಸಾಕು.